ಬಾರದೆ ಹೋದವರ ಪಟ್ಟಿ

ಕೆಲಸಕ್ಕೆ ಸೇರಿದ ನಾಲ್ಕನೇ ದಿನ ಕ್ಷಯರೋಗದ ರಿಜಿಸ್ಟರ್‌ನಲ್ಲಿ ನಮ್ಮಪ್ಪನ ಹೆಸರು ಕಣ್ಣಿಗೆ ಬಿತ್ತು. ಊರು ಸರಿಯಾಗಿತ್ತು, ತಾತನ ಹೆಸರು ಸರಿಯಾಗಿತ್ತು, ವಯಸ್ಸನ್ನು ಮಾತ್ರ ಯಾರೋ ಅಂದಾಜಿಗೆ ಬರೆದಿದ್ದರು. ಕೊನೆಯ ಕಾಲಮ್ಮಿನಲ್ಲಿ ನೀಲಿ ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ ‘ಚಿಕಿತ್ಸೆ ಪೂರ್ಣ, ಗುಣ’ ಎಂದಿತ್ತು. ಪಕ್ಕದಲ್ಲಿ ತಾರೀಕು. ಆ ತಾರೀಕಿಗೆ ನಾವು ಅಪ್ಪನನ್ನು ಮಣ್ಣು ಮಾಡಿ ಎರಡು ತಿಂಗಳಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಂಜನಗೂಡು ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರ. ಅದು ಯಾವ ಊರು ಅಂತ ಬರೆಯುವುದಿಲ್ಲ. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ, ಅವರ ಮೇಲೆ ನನಗೆ ಕೋಪವಿಲ್ಲ. ಅವರ ಹಿರಿಯರ ಮೇಲಿನ ಕೋಪ ಹಾಗೇ ಇದೆ. ಅದನ್ನು ಬಿಡುವ ಉದ್ದೇಶವೂ ನನಗಿಲ್ಲ.

ರಿಜಿಸ್ಟರನ್ನು ಎತ್ತಿಕೊಂಡು ಹಿರಿಯ ಗುಮಾಸ್ತರ ಮೇಜಿಗೆ ಹೋದೆ.

“ಸಾ, ಈ ಮನುಷ್ಯ ಗುಣ ಆಗಿಲ್ಲ. ಸತ್ತೋದ್ರು.”

“ಯಾರಮ್ಮ ಹೇಳಿದ್ದು ನಿಂಗೆ?”

“ನಮ್ಮಪ್ಪ ಸಾ ಇವ್ರು.”

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಮೆಲ್ಲಗೆ ಹೇಳಿದರು: “ನೋಡಮ್ಮ, ವರ್ಷದ ಕೊನೇಲಿ ಯಾವ ಕೇಸೂ ಬಾಕಿ ಇರಬಾರದು. ನಮೂನೇಲಿ ಇರೋದು ಮೂರೇ ಮಾತು. ಗುಣ, ಮರಣ, ಊರು ಬಿಟ್ಟಿದ್ದಾರೆ. ಮರಣ ಜಾಸ್ತಿಯಾದ್ರೆ ಮೇಲಿಂದ ಕೇಳ್ತಾರೆ. ಊರು ಬಿಟ್ಟಿದ್ದಾರೆ ಅಂದ್ರೆ ಎಲ್ಲಿಗೆ ಹೋದ್ರು ಅಂತ ಕೇಳ್ತಾರೆ. ಗುಣ ಅಂದ್ರೆ ಯಾರೂ ಏನೂ ಕೇಳಲ್ಲ.”

“ನಾನು ಕೇಳ್ತಿದೀನಲ್ಲ ಸಾ” ಅಂದೆ. ಅವರು ಕನ್ನಡಕ ಹಾಕಿಕೊಂಡು ಬೇರೆ ಫೈಲು ತೆಗೆದರು.

ನಾನು ಹದಿನಾರು ಅನ್ನುವ ಊರಿನ ಆಚೆಗಿನ ಒಂದು ಹಳ್ಳಿಯವಳು. ನಮ್ಮ ಮನೆ ಕೇರಿಯಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ದಿನಾ ಬಸ್ಸು ಹಿಡಿದು ನಂಜನಗೂಡಿಗೆ ಹೋಗಿ ಟೈಪಿಂಗ್ ಕಲಿತೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸು ಮಾಡಿದೆ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್‌ನಿಂದ ಕಾರ್ಡು ಬಂತು, ಸಂದರ್ಶನ ಆಯಿತು, ಕೇಂದ್ರದಲ್ಲಿ ರೆಕಾರ್ಡು ಗುಮಾಸ್ತೆಯ ಕೆಲಸ ಸಿಕ್ಕಿತು. ನಮ್ಮ ಕೇರಿಯಿಂದ ಸರ್ಕಾರಿ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನೇ. ಹಾಗಂತ ಯಾರೂ ಹಾರ ಹಾಕಲಿಲ್ಲ. ಅವ್ವ ಒಂದು ಹೊಸ ಟಿಫನ್ ಕ್ಯಾರಿಯರ್ ತಂದುಕೊಟ್ಟಳು.

ಕೇಂದ್ರದಲ್ಲಿ ಹನ್ನೊಂದು ಗಂಟೆಗೆ ಎಲ್ಲರಿಗೂ ಕಾಫಿ ಬರುತ್ತಿತ್ತು. ನನ್ನ ಲೋಟ ಬೇರೆ. ಅದು ಹಿಂದಿನ ಕಿಟಕಿಯಲ್ಲಿ ಬೋರಲು ಬಿದ್ದಿರುತ್ತಿತ್ತು, ನಾನೇ ತೊಳೆದು ಹಿಡಿಯಬೇಕು, ಮೇಲಿಂದ ಹುಯ್ಯುತ್ತಿದ್ದರು. ಒಂದು ವಾರ ಕುಡಿದೆ. ಎರಡನೇ ವಾರ ಆ ಲೋಟವನ್ನು ತೊಳೆದು ತಂದು ನನ್ನ ಮೇಜಿನ ಮುಂದುಗಡೆ, ಬಂದವರಿಗೆಲ್ಲ ಕಾಣುವಂತೆ ಇಟ್ಟು, ಅದರಲ್ಲಿ ಪೆನ್ಸಿಲ್ಲು, ರೂಲರು, ಕೆಂಪು ಪೆನ್ನು ತುಂಬಿಸಿದೆ. ಕಾಫಿ ತರುವವನು ನೋಡಿದ, ಗುಮಾಸ್ತರು ನೋಡಿದರು, ಕಾಂಪೌಂಡರ್ ನೋಡಿದ. ಅಲ್ಲಿದ್ದಷ್ಟು ದಿನ ನಾನು ಆಫೀಸಿನ ಕಾಫಿ ಕುಡಿಯಲಿಲ್ಲ.

ಆರು ತಿಂಗಳ ಮೇಲೆ ಹೊಸ ಡಾಕ್ಟರಮ್ಮ ಬಂದರು. ಮೈಸೂರಿನವರು, ಮಠದ ಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುವ ಮೇಷ್ಟರ ಮಗಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು ಇರಬಹುದು. ಬಂದ ವಾರವೇ ನನ್ನ ಮೇಜಿನ ಹತ್ತಿರ ನಿಂತು ಕೇಳಿದರು: “ಈ ತಿಂಗಳು ಟಿಬಿ ಮಾತ್ರೆಗೆ ಯಾರ್ಯಾರು ಬಂದಿಲ್ಲ?”

“ನಾಳಿದ್ದು ಹೇಳ್ತೀನಿ ಮೇಡಂ.”

“ನಾಳಿದ್ದು ಯಾಕೆ? ಈಗ ಹೇಳಕ್ಕಾಗಲ್ವಾ?”

ರಿಜಿಸ್ಟರ್ ತೆಗೆದು ತೋರಿಸಿದೆ. ಹೆಸರುಗಳು ಬಂದ ಬಂದ ಹಾಗೆ ಬರೆದವು. ಆಗ ಒಂದೂವರೆ ವರ್ಷ ಬಿಡದೆ ಮಾತ್ರೆ ನುಂಗಬೇಕಿತ್ತು. ಒಬ್ಬೊಬ್ಬರು ತಿಂಗಳಿಗೊಮ್ಮೆ ಬಂದರೂ ಒಂದೊಂದು ಸಲದ್ದು ಒಂದೊಂದು ಪುಟದಲ್ಲಿ. ಬಂದವರು ಯಾರು ಅಂತ ಆ ಪುಸ್ತಕ ಹೇಳುತ್ತಿತ್ತು. ಬಾರದವರು ಯಾರು ಅಂತ ತಿಳಿಯಬೇಕಾದರೆ ಮೊದಲಿಂದ ಕೊನೆಯವರೆಗೆ ಎರಡು ದಿನ ತಡಕಬೇಕು. ಅಷ್ಟು ಹೊತ್ತಿಗೆ ನಾಲ್ಕು ಜನ ಕೆಮ್ಮಿಕೊಂಡು ಇನ್ನಷ್ಟು ದಿನ ಮನೆಯಲ್ಲಿ ಮಲಗಿರುತ್ತಿದ್ದರು.

ಡಾಕ್ಟರಮ್ಮ ಒಂದು ಚೀಟಿಯ ಹಿಂದೆ ಚಿತ್ರ ಬರೆದರು. ಅವರು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಒಂಥರಾ ಕಾರ್ಡು ನೋಡಿದ್ದರಂತೆ, ನಾಲ್ಕೂ ಅಂಚಿಗೆ ಸಾಲಾಗಿ ತೂತು ಇರುವಂಥದ್ದು. “ತೂತಿಗೆ ಒಂದು ಕಡ್ಡಿ ತೂರಿಸಿ ಎತ್ತಿದ್ರೆ ಬೇಕಾದ ಕಾರ್ಡು ತಾನಾಗೇ ಬೇರೆ ಆಗ್ತಿತ್ತು. ಹೇಗೆ ಅಂತ ಪೂರಾ ನೆನಪಿಲ್ಲ. ಒಂದೇ ಸಲ ನೋಡಿದ್ದು.”

ನನಗೆ ಅಷ್ಟು ಸಾಕಾಯಿತು. ಆ ರಾತ್ರಿ ಊಟ ಮಾಡುವಾಗಲೇ ಹೊಳೆಯಿತು. ಒಬ್ಬ ರೋಗಿಗೆ ಒಂದು ಕಾರ್ಡು. ಮೇಲಂಚಿನಲ್ಲಿ ಹನ್ನೆರಡು ತೂತು, ತಿಂಗಳಿಗೊಂದು. ಕೆಳಂಚಿನಲ್ಲಿ ಮುಂದಿನ ವರ್ಷದ ಹನ್ನೆರಡು. ರೋಗಿ ಬಂದು ಮಾತ್ರೆ ತಗೊಂಡು ಹೋದ ತಿಂಗಳ ತೂತನ್ನು ಅಂಚಿನವರೆಗೆ ಕತ್ತರಿಸಿ ಬಾಯಿ ತೆರೆದುಬಿಡುವುದು. ತಿಂಗಳ ಕೊನೆಗೆ ಎಲ್ಲ ಕಾರ್ಡು ಜೋಡಿಸಿ ಆ ತಿಂಗಳ ತೂತಿಗೆ ಕಡ್ಡಿ ತೂರಿಸಿ ಎತ್ತಿದರೆ, ಬಾಯಿ ತೆರೆದ ಕಾರ್ಡು ಕೆಳಗೆ ಉದುರುತ್ತವೆ. ಅವರು ಬಂದವರು. ಬಾರದವರ ಕಾರ್ಡು ಕಡ್ಡಿಗೆ ನೇತಾಡುತ್ತಿರುತ್ತದೆ.

ನಂಜನಗೂಡಿನ ಪೇಟೆಬೀದಿಯ ಒಂದು ಪ್ರೆಸ್ಸಿಗೆ ಹೋಗಿ ಲಗ್ನಪತ್ರಿಕೆ ಕತ್ತರಿಸಿ ಉಳಿದ ರಟ್ಟು ಕೇಳಿ ತಂದೆ. ಕೆಲವುದರ ಹಿಂದೆ ಅರ್ಧ ಗಣಪತಿ, ಕೆಲವುದರಲ್ಲಿ ‘ಸಕುಟುಂಬ ಸಮೇತರಾಗಿ’ ಎಂಬ ಅಚ್ಚು. ಎಲ್ಲ ತೂತು ಒಂದೇ ಜಾಗಕ್ಕೆ ಬರಲಿ ಅಂತ ತಗಡಿನಲ್ಲಿ ಒಂದು ಅಳತೆ ಮಾಡಿಸಿದೆ. ಕಡ್ಡಿಯದ್ದೇ ತೊಂದರೆಯಾಯಿತು. ಕೊಡೆಯ ಕಡ್ಡಿ ತೂರಿಸಿದರೆ ಭಾರಕ್ಕೆ ಬಾಗುತ್ತಿತ್ತು. ಅವ್ವ ನೋಡುತ್ತಾ ಕೂತಿದ್ದವಳು ಎದ್ದು ಹೋಗಿ ಟ್ರಂಕಿನಿಂದ ಒಂದು ಚರಕದ ಕದಿರು ತಂದುಕೊಟ್ಟಳು. ಅವಳ ತವರು ಬದನವಾಳು. ಮದುವೆಗೆ ಮುಂಚೆ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದಳು. ಚರಕ ಯಾವತ್ತೋ ಹೋಗಿತ್ತು, ಉಕ್ಕಿನ ಕದಿರು ಉಳಿದಿತ್ತು. ಅದು ಕೂದಲೆಳೆಯಷ್ಟೂ ಬಾಗಲಿಲ್ಲ.

ಮೊದಲ ಸಲ ಕಾರ್ಡು ಎತ್ತಿದ್ದು ಒಂದು ಮಧ್ಯಾಹ್ನ, ಡಾಕ್ಟರಮ್ಮನ ಮೇಜಿನ ಮೇಲೆ. ಮೂವತ್ತು ಮೂವತ್ತು ಕಾರ್ಡಿನ ಕಂತೆ ಮಾಡಿಕೊಂಡು ಕದಿರು ತೂರಿಸಿ ಎತ್ತಿ ಸ್ವಲ್ಪ ಅಲ್ಲಾಡಿಸಿದೆ. ಪಟಪಟ ಅಂತ ಉದುರಿದವು. ಕೊನೆಗೆ ಕದಿರಿನಲ್ಲಿ ಉಳಿದವನ್ನು ಡಾಕ್ಟರಮ್ಮ ಒಂದೊಂದಾಗಿ ಬಿಡಿಸಿ ಓದಿದರು. ಎರಡು ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿದಿತ್ತು. ನಮ್ಮ ಆರೋಗ್ಯ ಸಹಾಯಕರು ಸೈಕಲ್ಲಿನಲ್ಲಿ ಹಳ್ಳಿ ತಿರುಗುವವರು. ಅವರು ಆ ಹೆಸರುಗಳನ್ನು ಬರೆದುಕೊಂಡು ಹೋದರು. ಎಲ್ಲರ ಮನೆಗೂ ಹೋಗಿ ಬಂದು ಹೇಳಿದರು: “ಬತ್ತೀವಿ ಅಂದ್ರು ಮೇಡಂ.”

ಒಬ್ಬರೂ ಬರಲಿಲ್ಲ. ಮುಂದಿನ ತಿಂಗಳೂ ಅದೇ ಹೆಸರುಗಳು ಕದಿರಿಗೆ ಸಿಕ್ಕಿಕೊಂಡಿದ್ದವು. ಆಗ ನಾನು ಹೆಸರು ಬಿಟ್ಟು ವಿಳಾಸ ಓದತೊಡಗಿದೆ. ಬೇರೆ ಬೇರೆ ಹಳ್ಳಿ, ಆದರೆ ಹೆಚ್ಚುಕಮ್ಮಿ ಎಲ್ಲ ಕೇರಿಯವರೇ.

ಭಾನುವಾರ ನಾನೇ ಹೊರಟೆ. ಮೊದಲು ಸಿಕ್ಕಿದ್ದು ನಾಟಿ ಕೆಲಸದ ಒಬ್ಬ ಹೆಂಗಸು. ಮೂವತ್ತೈದು ವಯಸ್ಸಿರಬಹುದು, ಮೂರು ಮಕ್ಕಳು. ಗದ್ದೆಯ ಬದುವಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಎದೆಯ ಏರಿಳಿತ ದೂರದಿಂದಲೇ ಕಾಣುತ್ತಿತ್ತು.

“ಯಾಕಕ್ಕ ಮಾತ್ರೆ ಬುಟ್ಬುಟ್ಟೆ?”

“ನಾಟಿ ಕೆಲ್ಸ ಕನವ್ವ. ಪುರುಸೊತ್ತಿಲ್ಲ.”

“ನಾಟಿ ಸುರುವಾಗಿ ಒಂದ್ ವಾರ ಆಯ್ತು. ನೀನ್ ಬುಟ್ಟು ಮೂರ್ ತಿಂಗ್ಳಾಗದೆ.”

ಅವಳು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. “ನೀನು ಯಾರ ಮಗ್ಳು?” ಅಂತ ಕೇಳಿದಳು. ಹೇಳಿದೆ. ನಮ್ಮಪ್ಪನ ಹೆಸರು ಕೇಳಿದ ಮೇಲೆ ಅವಳ ದನಿ ಬದಲಾಯಿತು.

“ನಿಂಗಾದ್ರೆ ಯೋಳ್ತೀನಿ. ಆ ಕಾಂಪೌಂಡ್ರು ಮಾತ್ರೇನ ಒಂದ್ ಕಾಗ್ದುದ್ ಮ್ಯಾಲ್ ಸುರೀತಾನೆ. ಅದ್ನ ನೆಲದ್ ಮ್ಯಾಲ್ ಮಡ್ಗಿ ಕಾಲಲ್ಲಿ ಅಂಗೇ ಒಸಿ ನಮ್ ಕಡೀಕ್ ನೂಕ್ತಾನೆ. ನಾವ್ ಬಗ್ಗಿ ಎತ್ಕೋಬೇಕು. ನಾಟೀಲಿ ದಿನಗಂಟ ಬಗ್ತೀನಿ ಕನವ್ವ, ಅದ್ಕೆ ಕೂಲಿ ಕೊಡ್ತಾರೆ. ಅವ್ನ್ ಮುಂದ್ ಯಾಕ್ ಬಗ್ಲಿ?”

ಆ ದಿನ ಇನ್ನೂ ನಾಲ್ಕು ಮನೆಗೆ ಹೋದೆ. ನಾಲ್ಕರಲ್ಲೂ ಅದೇ ಕಾಗದ, ಅದೇ ಕಾಲು. ಸಂಜೆ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸದೆ ಹೇಳಿದಳು: “ನಿಮ್ಮಪ್ಪನೂ ಅದ್ಕೇ ಬುಟ್ಟಿದ್ದು. ಮಗಿಗ್ ಯೋಳ್ಬ್ಯಾಡ ಅಂದಿದ್ದ.”

ಅಪ್ಪ ಮಾತ್ರೆ ಬಿಟ್ಟದ್ದು ಸೋಮಾರಿತನಕ್ಕೆ ಅಂತ ನಾನು ಅಷ್ಟು ದಿನ ಅಂದುಕೊಂಡಿದ್ದೆ. ಅವರು ಮಲಗಿದ್ದಾಗ ಹಾಗಂತ ಬೈದೂ ಇದ್ದೆ. ಆ ಮಾತನ್ನು ವಾಪಸ್ಸು ತಗೊಳ್ಳುವುದಕ್ಕೆ ಅವರು ಇರಲಿಲ್ಲ.

ಸೋಮವಾರ ಬೆಳಗ್ಗೆ ಡಾಕ್ಟರಮ್ಮನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದು ಎಲ್ಲ ಹೇಳಿದೆ. ಅವರು ತಲೆ ಬಗ್ಗಿಸಿ ಕೇಳಿದರು. ಕೊನೆಗೆ, “ನಾನು ನೋಡಿದ್ದೀನಿ” ಅಂದರು. “ಬಂದ ಮೊದಲನೇ ತಿಂಗಳೇ ನೋಡಿದೆ. ಹಳೇ ಮನುಷ್ಯ, ಯಾಕೆ ಜಗಳ ಅಂತ ಸುಮ್ಮನಾದೆ.”

“ನೀವು ಸುಮ್ಮನಾದ್ರಿ, ಅವ್ರು ಬರೋದ್ ಬಿಟ್ರು ಮೇಡಂ.”

ಅಷ್ಟು ಒರಟಾಗಿ ಮೇಲಧಿಕಾರಿಗೆ ಮಾತಾಡಿದ್ದು ಅದೇ ಮೊದಲು. ಅವರು ಕಣ್ಣು ಒರೆಸಿಕೊಂಡರೋ ಬೆವರು ಒರೆಸಿಕೊಂಡರೋ ಗೊತ್ತಾಗಲಿಲ್ಲ. ಆದರೆ ಆ ಮಧ್ಯಾಹ್ನವೇ ಆಫೀಸ್ ಆರ್ಡರ್ ಬರೆದರು. ಇನ್ನು ಮುಂದೆ ಟಿಬಿ ಮಾತ್ರೆಗಳನ್ನು ರೆಕಾರ್ಡು ಮೇಜಿನಲ್ಲಿ, ಕಾರ್ಡು ನೋಡಿ, ರೋಗಿಯ ಕೈಗೆ ಕೊಡತಕ್ಕದ್ದು. ‘ಕೈಗೆ’ ಅನ್ನುವ ಮಾತಿನ ಕೆಳಗೆ ಗೆರೆ ಎಳೆದಿದ್ದರು. ನಾನೇ ಅದನ್ನು ಟೈಪು ಮಾಡಿದೆ. ಕಾಂಪೌಂಡರ್ ಮೂರು ದಿನ ರಜೆ ಹಾಕಿ ಮನೆಯಲ್ಲಿ ಕೂತ.

ಎರಡು ತಿಂಗಳಲ್ಲಿ ಕದಿರಿಗೆ ನೇತಾಡುವ ಕಾರ್ಡು ಅರ್ಧಕ್ಕೆ ಇಳಿಯಿತು. ನಾಟಿಯ ಅಕ್ಕ ಬಂದಳು. ಅವಳ ಕೈಯನ್ನು ಹಿಡಿದು ಅಂಗೈಯಲ್ಲಿ ಮಾತ್ರೆ ಪೊಟ್ಟಣ ಇಟ್ಟೆ. ಅವಳು ಅಲ್ಲೇ ನಿಂತು ಎಣಿಸಿದಳು, ಕಾಂಪೌಂಡರಿಗೆ ಕೇಳಲಿ ಅಂತಲೇ ಗಟ್ಟಿಯಾಗಿ.

ಇನ್ನೊಂದು ಕಡೆಯಿಂದ ಬೇರೆ ತಕರಾರು ಶುರುವಾಯಿತು. ಊರಿನ ಒಬ್ಬ ಜಮೀನ್ದಾರರಿಗೂ ಅದೇ ಕಾಯಿಲೆ ಇತ್ತು. ನನ್ನ ಮೇಜಿನ ಮುಂದೆ ನಿಂತು, “ನಿನ್ ಕೈಯಿಂದ ಬೇಡ, ಗುಮಾಸ್ತರ ಕೈಲಿ ಕೊಡ್ಸು” ಅಂದರು.

“ಆರ್ಡರ್ ಇರೋದು ಈ ಮೇಜಿಗೆ. ಬೇಡ ಅಂದ್ರೆ ಬಂದಿಲ್ಲ ಅಂತ ಬರ್ಕೋತೀನಿ. ಡಾಕ್ಟ್ರು ಕೇಳಿದ್ರೆ ನೀವೇ ಹೇಳಿ.”

ಹೊರಟು ಹೋದರು. ಮುಂದಿನ ವಾರ ಕೆಮ್ಮಿಕೊಂಡೇ ಬಂದು ಬೇರೆ ಕಡೆ ನೋಡುತ್ತಾ ಕೈ ಚಾಚಿದರು. ಅವರಿಗೂ ಹಾಗೇ ಕೈ ಹಿಡಿದು ಅಂಗೈಯಲ್ಲೇ ಇಟ್ಟೆ. ಅವರ ಕಾರ್ಡಿನ ತೂತನ್ನೂ ಬೇರೆಯವರದ್ದರ ಹಾಗೇ ನೀಟಾಗಿ ಕತ್ತರಿಸಿದೆ.

ಆರು ತಿಂಗಳು ಹೀಗೆ ನಡೆಯಿತು. ಆಮೇಲೆ ಡಾಕ್ಟರಮ್ಮನಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಚುರುಕಾದ ಮನುಷ್ಯ, ಇಂಗ್ಲಿಷ್ ಚೆನ್ನಾಗಿತ್ತು, ಬೇಗ ಮೇಲೆ ಹೋಗುವ ಆಸೆಯಿತ್ತು. ಮಾರ್ಚಿನಲ್ಲಿ ನನ್ನನ್ನು ಕರೆದು ಒಂದು ಪಟ್ಟಿ ಮುಂದಿಟ್ಟರು. ಆ ವರ್ಷ ಮಧ್ಯದಲ್ಲಿ ಮಾತ್ರೆ ಬಿಟ್ಟವರ ಹೆಸರುಗಳು. ನನ್ನ ಕಾರ್ಡುಗಳಿಂದಲೇ ತೆಗೆದದ್ದು.

“ಇವರನ್ನೆಲ್ಲ ಗುಣ ಅಂತ ಎಂಟ್ರಿ ಮಾಡಿ.”

“ಮಾಡಲ್ಲ ಸಾ.”

“ಏನಂದ್ರಿ?”

“ಇವ್ರು ಗುಣ ಆಗಿಲ್ಲ. ಕೆಲವ್ರ ಮನೆಗೆ ಹೋದ್ ವಾರ ಹೋಗಿದ್ದೆ. ಒಬ್ರು ರಕ್ತ ಉಗೀತಿದ್ರು.”

“ನೀವು ಡಾಕ್ಟ್ರಾ?”

“ಅಲ್ಲ ಸಾ. ಅದಕ್ಕೇ ಗುಣ ಅಂತ ಬರೆಯೋ ಅಧಿಕಾರ ನಂಗಿಲ್ಲ. ನೀವೇ ನಿಮ್ಮ ಕೈಯಲ್ಲಿ ಬರ್ದು ಸೈನ್ ಹಾಕಿ.” ರಿಜಿಸ್ಟರನ್ನು ಅವರ ಕಡೆ ತಿರುಗಿಸಿ ಪೆನ್ನಿನ ಮುಚ್ಚಳ ತೆಗೆದು ಇಟ್ಟೆ.

ಅವರು ಪೆನ್ನು ಮುಟ್ಟಲಿಲ್ಲ. ನಾನು ಅದೇ ಪುಸ್ತಕದ ಹಳೆಯ ಪುಟವೊಂದನ್ನು ತೆಗೆದು ತೋರಿಸಿದೆ. “ಇವ್ರು ನಮ್ಮಪ್ಪ. ಇಲ್ಲಿ ಗುಣ ಆಗಿದಾರೆ. ಇವ್ರನ್ನ ನಾವು ಮಣ್ಣಿಗಿಟ್ಟು ಎರಡು ತಿಂಗಳಿಗೆ ಗುಣ ಆದ್ರು. ಇನ್ನೊಬ್ರ ಹೆಸರಿನ ಮುಂದೆ ಆ ಮಾತು ನಾನು ಬರೆಯಲ್ಲ.”

ಎರಡು ವಾರದಲ್ಲಿ ವರ್ಗಾವಣೆ ಆದೇಶ ಬಂತು. ತಿರುಮಕೂಡಲು ನರಸೀಪುರಕ್ಕೆ. ಜೊತೆಗೆ ಬಾಯಿಮಾತಿನಲ್ಲಿ ಇನ್ನೊಂದು ಅಪ್ಪಣೆ. “ಆ ಲಗ್ನಪತ್ರಿಕೆ ಕಸ ಎಲ್ಲ ರದ್ದಿಗೆ ಹಾಕಿ ಹೋಗಿ.”

ರಟ್ಟು ನಾನು ತಂದದ್ದು. ಕತ್ತರಿಸಿದ್ದು ನಾನು. ಸರ್ಕಾರದ ರಿಜಿಸ್ಟರ್ ಸರ್ಕಾರದ ಬೀರುವಿನಲ್ಲಿ ಭದ್ರವಾಗಿತ್ತು. ಹಾಗಾಗಿ ನಾನು ಯಾರನ್ನೂ ಕೇಳಲಿಲ್ಲ. ಬಿಡುಗಡೆಗೆ ಮುಂಚಿನ ನಾಲ್ಕು ದಿನ ರಜೆ ಹಾಕಿ, ಚೀಲದಲ್ಲಿ ಕಾರ್ಡು ತುಂಬಿಕೊಂಡು ಹಳ್ಳಿ ಹಳ್ಳಿ ಸುತ್ತಿದೆ. ಸೈಕಲ್ಲಿನ ಆರೋಗ್ಯ ಸಹಾಯಕರು ಎರಡು ದಿನ ತಾವಾಗಿಯೇ ಜೊತೆಗೆ ಬಂದರು. ಮೇಲಿನವರಿಗೆ ಗೊತ್ತಾದರೆ ಅವರಿಗೂ ಕಷ್ಟವಿತ್ತು. ಅದರ ಮಾತೇ ಎತ್ತಲಿಲ್ಲ ಆ ಮನುಷ್ಯ.

ಮಾತ್ರೆ ಇನ್ನೂ ಮುಗಿಯದಿದ್ದ ಒಬ್ಬೊಬ್ಬರ ಕೈಗೂ ಅವರವರ ಕಾರ್ಡು ಕೊಟ್ಟೆ. “ಇದು ನಿಂದು. ಯಾವ ಆಸ್ಪತ್ರೆಗೆ ಓದ್ರೂ ಇದ್ನ ತೋರ್ಸು. ಎಷ್ಟ್ ತಿಂಗ್ಳು ನುಂಗಿದೀಯ, ಎಷ್ಟ್ ಉಳ್ದದೆ ಅಂತ ಇದ್ರಲ್ಲದೆ.”

ಒಬ್ಬ ಮುದುಕಪ್ಪ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, “ಇಲ್ಲೊಂದ್ ತೂತು ಅಂಗೇ ಉಳ್ಕೊಂಡದಲ್ಲವ್ವ” ಅಂದ.

“ಅದು ನೀನು ಬರ್ದೇ ಓದ ತಿಂಗ್ಳು ಕನಣ್ಣ.”

“ಮಗಳ ಮದ್ವೆ ಇತ್ತು ಕನವ್ವ ಆ ತಿಂಗ್ಳು” ಎಂದು ನಕ್ಕ. ಆಮೇಲೆ ಕಾರ್ಡಿನ ಹಿಂದಿನ ಅರ್ಧ ಗಣಪತಿಗೆ ಕೈ ಮುಗಿದು ಸೂರಿಗೆ ಸಿಕ್ಕಿಸಿದ.

ನರಸೀಪುರದ ಆಫೀಸು ಹೊಳೆಗೆ ಹತ್ತಿರ. ಅಲ್ಲಿ ನನಗೆ ಜನನ ಮರಣದ ಲೆಕ್ಕ ಕೊಟ್ಟರು. ಕ್ಷಯದ ರಿಜಿಸ್ಟರಿನ ಕಡೆ ಸುಳಿಯದಂತೆ ನೋಡಿಕೊಂಡರು. ಸುಮ್ಮನೆ ಕೂತಿದ್ದೆ ಅಂತಲ್ಲ. ಸತ್ತವರ ಪಟ್ಟಿ ನನ್ನ ಕೈಗೆ ಬರುತ್ತಿತ್ತು, ಗುಣವಾದವರ ಪಟ್ಟಿ ಪಕ್ಕದ ಮೇಜಿಗೆ ಹೋಗುತ್ತಿತ್ತು. ಎರಡರಲ್ಲೂ ಒಂದೇ ಹೆಸರು ಕಂಡರೆ ಒಂದು ಚೀಟಿ ಬರೆದು ಪಿನ್ನು ಚುಚ್ಚಿ ಕಳಿಸುತ್ತಿದ್ದೆ. ಪಕ್ಕದ ಮೇಜಿನವರು ನನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು.

ನಾನು ಅಲ್ಲಿಗೆ ಹೋದ ಒಂಬತ್ತನೇ ತಿಂಗಳಿರಬೇಕು, ಒಂದು ಬೆಳಗ್ಗೆ ಆಫೀಸಿನ ಮುಂದೆ ನಾಟಿಯ ಅಕ್ಕ ಕೂತಿದ್ದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಮೈ ಕೈ ತುಂಬಿಕೊಂಡಿತ್ತು. ಸೊಂಟದ ಚೀಲದಿಂದ ಕಾರ್ಡು ತೆಗೆದಳು. ಹದಿನೆಂಟು ತಿಂಗಳಲ್ಲಿ ಹದಿನೇಳು ಕತ್ತರಿಸಿತ್ತು. ನಾನು ಬಂದ ಮೇಲಿನವನ್ನು ಸೈಕಲ್ಲಿನ ಆರೋಗ್ಯ ಸಹಾಯಕರು ಕತ್ತರಿಸಿಕೊಟ್ಟಿದ್ದರಂತೆ.

“ಕಡೇ ತಿಂಗ್ಳು ಮಾತ್ರೆ ನಂಜನಗೂಡಲ್ಲಿ ತಕ್ಕಂಡೆ. ಅವ್ರಿಗೆ ಇದ್ನ ಕತ್ರುಸೋಕ್ ಬರ್ನಿಲ್ಲ. ನೀನೇ ಕತ್ರುಸ್ಕೊಡು.”

“ಇದೊಂದಕ್ಕೆ ಇಲ್ಗಂಟ ಬಂದ್ಯಾ ಅಕ್ಕ?”

“ಮತ್ತೆ? ಅರ್ಧಂಬರ್ಧ ಬುಡ್ತಾರಾ?”

ಆಫೀಸಿನ ಕತ್ತರಿಯಲ್ಲಿ ಕತ್ತರಿಸಿಕೊಟ್ಟೆ. ಅವಳನ್ನು ಕರೆದುಕೊಂಡು ಹೋಗಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದೋಸೆ ತಿನ್ನಿಸಿದೆ. ಅವಳು ಎಲೆಯ ಮುಂದೆ ನೆಟ್ಟಗೆ ಕೂತು ತಿಂದಳು, ಸುತ್ತಲಿನವರನ್ನು ಒಂದು ಸಲವೂ ನೋಡಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ನಮ್ಮ ಜಿಲ್ಲಾ ಕಚೇರಿಗೆ ಕಂಪ್ಯೂಟರ್ ಬಂತು. ತಾಲ್ಲೂಕಿಗೆ ಒಬ್ಬರಂತೆ ಒಂದು ವಾರದ ತರಬೇತಿಗೆ ಕಳಿಸಬೇಕೆಂದು ಸುತ್ತೋಲೆ ಬಂತು. ಟೈಪಿಂಗ್ ಬಲ್ಲವರಿಗೆ ಆದ್ಯತೆ ಅಂತ ಅದರಲ್ಲೇ ಇತ್ತು. ನಮ್ಮ ಸೂಪರಿಂಟೆಂಡೆಂಟರು ನನಗಿಂತ ಆರು ವರ್ಷಕ್ಕೆ ಕಿರಿಯ, ಟೈಪಿಂಗ್ ಬಾರದ ಒಬ್ಬರ ಹೆಸರು ಬರೆದರು. ನಾನು ಸುತ್ತೋಲೆ ಹಿಡಿದು ಎದುರಿಗೆ ನಿಂತೆ.

“ನಿಮಗ್ಯಾಕಮ್ಮ ಅದೆಲ್ಲ? ಮೈಸೂರಿಗೆ ಓಡಾಡಬೇಕು. ಮಿಷಿನ್ನು ಲಕ್ಷಾಂತರದ್ದು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ಹೆಚ್ಚುಕಮ್ಮಿ ಮಾಡೋಕೆ ನಂಗೆ ಟೈಪಿಂಗ್ ಬರುತ್ತೆ ಸಾ. ಅವ್ರಿಗೆ ಅದೂ ಬರಲ್ಲ.”

ಅವರು ನಗಲಿಲ್ಲ. ನಾನು ಒಂದು ಅರ್ಜಿ ಬರೆದು ಸುತ್ತೋಲೆಯ ಸಾಲನ್ನೇ ಅದರಲ್ಲಿ ಹಾಕಿ, ಒಂದು ಪ್ರತಿಯನ್ನು ಜಿಲ್ಲಾ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಅಕ್ನಾಲೆಜ್‌ಮೆಂಟ್ ಚೀಟಿಯನ್ನು ಅವರ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟು ಬಂದೆ. ಮೂರನೇ ದಿನ ಹೆಸರು ಬದಲಾಯಿತು.

ತರಬೇತಿಯ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ತಣ್ಣಗಿನ ಗಾಜಿನ ಕೋಣೆ, ಬಟ್ಟೆ ಹೊದಿಸಿದ ಯಂತ್ರ, ಕಪ್ಪು ತೆರೆಯ ಮೇಲೆ ಹಸಿರು ಅಕ್ಷರ. ಕಲಿಸುವ ಹುಡುಗನಿಗೆ ಇಪ್ಪತ್ತೈದು ವಯಸ್ಸಿರಬಹುದು. “ಯಾರೂ ಮುಟ್ಟಬೇಡಿ, ನಾನು ಹೇಳಿದ ಮೇಲೆ ಮುಟ್ಟಿ” ಅಂದ. ಬಂದಿದ್ದ ಗಂಡಸರೆಲ್ಲ ಗೋಡೆಗೆ ಒರಗಿ ಕೈಕಟ್ಟಿ ನಿಂತರು. ಮುಟ್ಟಬೇಡ ಅನ್ನುವ ಮಾತು ಅವರಿಗೆ ಹೊಸದಿರಬೇಕು. ನನಗೆ ಅದು ಹುಟ್ಟಿದಾಗಿನಿಂದ ಕೇಳಿ ಕೇಳಿ ಸವೆದ ಮಾತು. ಕುರ್ಚಿ ಎಳೆದುಕೊಂಡು ಕೂತು, ಸುತ್ತೋಲೆಯ ಮೊದಲ ಸಾಲನ್ನು ಕಣ್ಣು ಮುಚ್ಚಿ ಟೈಪು ಮಾಡಿದೆ. ಹಸಿರು ಅಕ್ಷರ ಸರಸರ ಓಡಿದವು. ಹುಡುಗ, “ನೀವು ಕೂತ್ಕೊಳ್ಳಿ ಮೇಡಂ, ನೀವೇ ಕೂತ್ಕೊಳ್ಳಿ” ಅಂದ.

ಮೂರನೇ ದಿನ ಅವನನ್ನು ಕೇಳಿದೆ. “ಬಂದವರ ಹೆಸರು ಹಾಕಿದರೆ ಬಾರದವರು ಯಾರು ಅಂತ ಇದು ಹೇಳುತ್ತಾ?”

“ಕ್ಷಣದಲ್ಲಿ ಹೇಳುತ್ತೆ. ಆದ್ರೆ ಬಾರದವರಿಗೆ ಅಂತ ಒಂದು ಗುರುತು ಇರಬೇಕಲ್ಲ. ನಿಮ್ಮ ನಮೂನೆಯಲ್ಲಿ ಇಲ್ಲ.”

ನಮೂನೆ ತೆಗೆದು ನೋಡಿದೆವು. ಕ್ಷಯದ ರೋಗಿಗೆ ಕೊನೆಯಲ್ಲಿ ಒಂದು ಅಕ್ಷರದ ಜಾಗ. ಸಿ ಅಂದರೆ ಗುಣ, ಡಿ ಅಂದರೆ ಮರಣ, ಎಲ್ ಅಂದರೆ ಊರು ಬಿಟ್ಟಿದ್ದಾರೆ. ಖಾಲಿ ಬಿಟ್ಟರೆ ಯಂತ್ರ ಕುಂಯ್ ಅಂತ ಕೂಗಿ ಮುಂದಿನ ಹೆಸರಿಗೆ ಹೋಗಲು ಬಿಡುತ್ತಿರಲಿಲ್ಲ. ಹೊಸ ಯಂತ್ರ ಕೂಡ ಸುಳ್ಳು ಬರೆಸಿಕೊಂಡೇ ಮುಂದಕ್ಕೆ ಬಿಡುವ ಹಾಗೆ ಮಾಡಿಟ್ಟಿದ್ದರು.

“ಇನ್ನೊಂದು ಅಕ್ಷರ ಸೇರಿಸೋಕೆ ಆಗುತ್ತಾ?”

“ಆಗುತ್ತೆ. ಮೇಲಿನವರನ್ನ ಕೇಳಬೇಡ್ವಾ?”

“ನಾನು ಕೇಳ್ಕೋತೀನಿ. ಹೇಗೆ ಸೇರಿಸೋದು ಅಂತ ತೋರಿಸಿ.”

“ಯಾವ ಅಕ್ಷರ?”

“ಬಿ.”

“ಬಿ ಅಂದ್ರೆ?”

“ಬಂದಿಲ್ಲ.”

ಹುಡುಗ ನಗುತ್ತಾ ತೋರಿಸಿಕೊಟ್ಟ. ನಾನು ಮೇಲಿನವರನ್ನು ಕೇಳಲಿಲ್ಲ.

ತಿಂಗಳಿಗೊಮ್ಮೆ ನರಸೀಪುರದ ಕಾಗದಗಳನ್ನು ಹಿಡಿದು ಮೈಸೂರಿಗೆ ಹೋಗಿ ಆ ಯಂತ್ರಕ್ಕೆ ಹಾಕುವ ಕೆಲಸ ನನ್ನದಾಯಿತು. ಆ ಕೆಲಸಕ್ಕೆ ಆಗ ಹೆಸರೇ ಇರಲಿಲ್ಲ. ಆಸ್ಪತ್ರೆಯವರಿಗೆ ನಾನು ಗುಮಾಸ್ತೆ, ಗುಮಾಸ್ತರಿಗೆ ನಾನು ಮಿಷಿನ್ನಿನವಳು, ಗಾಜಿನ ಕೋಣೆಯವರಿಗೆ ಆಸ್ಪತ್ರೆಯವಳು. ಮೊದಲ ತಿಂಗಳೇ ಕರಕರ ಸದ್ದು ಮಾಡುತ್ತಾ ಉದ್ದನೆಯ ಕಾಗದದಲ್ಲಿ ನರಸೀಪುರ ತಾಲ್ಲೂಕಿನ ಪಟ್ಟಿ ಹೊರಬಂತು. ಬಿ, ಬಿ, ಬಿ. ಹಳ್ಳಿವಾರು ಜೋಡಿಸಿ ಮುದ್ರಿಸಿದ್ದೆ. ಒಂದು ಪ್ರತಿ ನರಸೀಪುರದ ಆರೋಗ್ಯ ಸಹಾಯಕರ ಕೈಗೆ ಕೊಟ್ಟೆ, ಮನೆ ಮನೆ ಹುಡುಕಲಿ ಅಂತ. ಇನ್ನೊಂದು ಪ್ರತಿ ಪದ್ಧತಿಯಂತೆ ಮೇಲಕ್ಕೆ ಹೋಯಿತು.

ಹತ್ತು ದಿನಕ್ಕೆ ಜಿಲ್ಲಾ ಕಚೇರಿಯಿಂದ ಕರೆ ಬಂತು. ಅಧಿಕಾರಿಗಳು ಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡಿದ್ದರು. “ಮಿಕ್ಕ ಎಲ್ಲ ತಾಲ್ಲೂಕಿನಲ್ಲೂ ಹೆಚ್ಚು ಕಡಿಮೆ ಎಲ್ಲರೂ ಗುಣ. ನಿಮ್ಮ ತಾಲ್ಲೂಕಿನಲ್ಲಿ ಮಾತ್ರ ಈ ಅಕ್ಷರ. ನೀವೊಬ್ಬರೇ ಕೆಲಸ ಮಾಡ್ತಿಲ್ಲ ಅಂತ ಕಾಣುತ್ತಲ್ಲ?”

“ನಮ್ಮಲ್ಲಿ ಮಾತ್ರ ಬಾರದವರನ್ನ ಎಣಿಸಿದೀವಿ ಸಾ.”

“ಈ ಅಕ್ಷರಕ್ಕೆ ಯಾರು ಅನುಮತಿ ಕೊಟ್ಟರು?”

“ಯಾರೂ ಕೊಟ್ಟಿಲ್ಲ.”

ಅವರು ಕೂಗಾಡುವ ಮನುಷ್ಯರಲ್ಲ. ಮೆಮೊ ಕೊಡ್ತೀನಿ, ಹೋಗಿ ಅಂದರು. ಮೆಮೊ ಬಂತು. ನಮೂನೆಯಲ್ಲಿ ಇಲ್ಲದ ಸಂಕೇತವನ್ನು ಸ್ವಂತ ಬುದ್ಧಿಯಿಂದ ಸೇರಿಸಿದ್ದಕ್ಕೆ ಏಳು ದಿನದೊಳಗೆ ವಿವರಣೆ ಕೊಡಬೇಕು. ಸೂಪರಿಂಟೆಂಡೆಂಟರು, “ಗೊತ್ತಾಗದೆ ಆಯ್ತು, ಕ್ಷಮಿಸಿ ಅಂತ ಬರ್ದ್‌ಬಿಡಮ್ಮ, ಮುಗೀತು” ಎಂದು ಬುದ್ಧಿ ಹೇಳಿದರು. ನಾನು ಕೂತು ಟೈಪು ಮಾಡಿದೆ. ಸಂಕೇತವನ್ನು ಸ್ವಂತ ಬುದ್ಧಿಯಿಂದಲೇ ಸೇರಿಸಿದ್ದೇನೆ. ಗೊತ್ತಿದ್ದೇ ಸೇರಿಸಿದ್ದೇನೆ. ಬಿ ಎಂದು ಗುರುತಿಸಿದವರಲ್ಲಿ ಇಷ್ಟು ಜನರನ್ನು ಈ ತಿಂಗಳು ಮನೆಯಲ್ಲಿ ಪತ್ತೆ ಮಾಡಿ ಮತ್ತೆ ಮಾತ್ರೆ ಶುರು ಮಾಡಿಸಿದೆ, ಅವರ ಹೆಸರು ಮತ್ತು ಹಳ್ಳಿ ಲಗತ್ತಿಸಿದೆ. ಸಂಕೇತ ತೆಗೆದುಹಾಕಬೇಕೆಂದರೆ ದಯವಿಟ್ಟು ಬರವಣಿಗೆಯಲ್ಲಿ ಆದೇಶ ಕೊಡಿ.

ಆ ಆದೇಶ ಬರಲಿಲ್ಲ. ನನಗೆ ‘ಎಚ್ಚರಿಕೆ’ ಕೊಟ್ಟರು. ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು. ಎರಡು ವರ್ಷ ಬಡ್ತಿ ಹಿಂದಕ್ಕೆ ಹೋಯಿತು. ಬಿ ಅಕ್ಷರ ಯಂತ್ರದಲ್ಲಿ ಹಾಗೇ ಉಳಿಯಿತು. ಮುಂದಿನ ವರ್ಷ ಬೇರೆ ಎರಡು ತಾಲ್ಲೂಕಿನವರು ಗಾಜಿನ ಕೋಣೆಯಲ್ಲಿ ನನ್ನ ಪಕ್ಕ ಕೂತು, ತಮ್ಮ ಪಟ್ಟಿಗೂ ಅದನ್ನು ಹೇಗೆ ಹಾಕುವುದು ಅಂತ ಕೇಳಿ ಬರೆದುಕೊಂಡರು.

ನಿವೃತ್ತಿಗೆ ಮುಂಚೆ ಪೆನ್ಷನ್ ಕಾಗದ ಮಾಡುತ್ತಿದ್ದ ಗುಮಾಸ್ತೆ ಆ ಕೆಂಪು ಸಾಲು ನೋಡಿ ಮರುಗಿದಳು. “ಮೇಡಂ, ಇಷ್ಟು ಹಳೇದು. ಒಂದು ಅರ್ಜಿ ಕೊಟ್ರೆ ತೆಗೆಸಿಬಿಡಬಹುದು. ನಾನೇ ಮಾಡಿಕೊಡ್ತೀನಿ.”

“ಬೇಡಮ್ಮ” ಅಂದೆ. “ಅದೊಂದು ಇರಲಿ. ಮಿಕ್ಕದ್ದೆಲ್ಲ ಸರ್ಕಾರ ಬರೆದದ್ದು. ಆ ಸಾಲನ್ನ ನಾನು ಬರೆಸಿದ್ದು.”